ಗಾಡಿ ತೂಕ ಕೇಳಬೇಡಿ, ತೂಗಿ ನೋಡಿ

ಈ ಸಲ ಕಾಫಿ, ಮೆಣಸಿನ ವಿಷಯ ಅಲ್ಲ, ಹಳೇ ಯೆಜ್ಡಿ ವಿಷಯ. ಆದ್ರೆ ಇದೂ ತೋಟದ ವಿಷಯವೇ. ನಮ್ಮ ಸಕಲೇಶಪುರ, ಮೂಡಿಗೆರೆ ಕಡೆ ಇನ್ನೂ ಎಷ್ಟೋ ಮನೆಗಳ ಶೆಡ್ಡಿನಲ್ಲಿ ಒಂದು ಯೆಜ್ಡಿ ನಿಂತಿದೆ. ಜೀಪು ಹೋಗದ ಕಡೆ ಗೊಬ್ಬರ, ಸ್ಪ್ರೇಯರ್, ಪೈಪು ಹೊತ್ಕೊಂಡು ಹೋಗೋದು ಅದೇ. ಈಗಿನ ಹುಡುಗರು ಅದರ ಮಡ್‌ಗಾರ್ಡ್ ಎತ್ತರಿಸಿ, ಗಟ್ಟಿ ಗುಂಡಿಯ ಟಯರ್ ಹಾಕಿ ಕಾಡುದಾರಿಗೂ ಒಯ್ತಾರೆ. ಅದಕ್ಕೇ ಇದನ್ನ ಸ್ವಲ್ಪ ಉದ್ದಕ್ಕೆ ಬರೀತಿದ್ದೀನಿ.

ಕಳೆದ ಸೆಪ್ಟೆಂಬರ್‌ನಲ್ಲಿ ತಮ್ಮನ ಮಗ ಮೇಲಿನ ಬ್ಲಾಕಿಗೆ ಗೊಬ್ಬರ ಇಳಿಸಿ ಖಾಲಿ ಗಾಡಿಯಲ್ಲಿ ವಾಪಸ್ ಬರುವಾಗ ಹಳ್ಳದ ಪಕ್ಕದ ಇಳಿಜಾರಲ್ಲಿ ಬಿದ್ದ. ಹೆಗಲಿನ ಮುಂದಿನ ಮೂಳೆ ಮುರೀತು. ಆರು ವಾರ ಕೈ ಜೋಲಿಯಲ್ಲಿ. 'ಹುಡುಗ, ಜೋರಾಗಿ ಬಂದಿರ್ತಾನೆ' ಅಂತ ಎಲ್ಲರೂ ಅಂದ್ರು. ನಾನೂ ಮೊದಲು ಹಾಗೇ ಬೈದೆ. ಒಂದು ವಾರ ಬಿಟ್ಟು ನಾನೇ ಅದೇ ಇಳಿಜಾರಲ್ಲಿ ಖಾಲಿ ಗಾಡಿಯನ್ನ ನಿಧಾನಕ್ಕೆ ಇಳಿಸಿ ನೋಡಿದೆ. ಪ್ರತಿ ಕಲ್ಲಿಗೂ ಹಿಂದಿನ ಚಕ್ರ ನೆಲ ಬಿಟ್ಟು ಕುಣೀತಿತ್ತು. ಬ್ರೇಕ್ ಮುಟ್ಟಿದ್ರೆ ಚಕ್ರ ಗಾಳಿಯಲ್ಲೇ ನಿಂತುಬಿಡ್ತಿತ್ತು, ನೆಲಕ್ಕೆ ಬಿದ್ದ ಕೂಡಲೇ ಹಿಂಭಾಗ ಪಕ್ಕಕ್ಕೆ ಜಾರ್ತಿತ್ತು. ನನ್ನ 74 ಕೆಜಿಗೇ ಹೀಗಾದ್ರೆ 52 ಕೆಜಿ ಇರೋ ಹುಡುಗನ ಗತಿ ಏನು? ತಪ್ಪು ಅವನದಲ್ಲ, ನನ್ನದು ಅಂತ ಅವತ್ತು ಗೊತ್ತಾಯ್ತು.

ಯಾಕಂದ್ರೆ ಅದಕ್ಕೆ ಎರಡು ತಿಂಗಳ ಹಿಂದೆ ಹಿಂದಿನ ಶಾಕ್ ಅಬ್ಸಾರ್ಬರ್‌ಗಳಿಗೆ ಹೊಸ ಸ್ಪ್ರಿಂಗ್ ಮಾಡಿಸಿದ್ದು ನಾನೇ. ಹಳೇವು ಸೋತು ಕೂತುಬಿಟ್ಟಿದ್ವು, ಮೂಟೆ ಹಾಕಿದ್ರೆ ಟಯರ್ ಹೋಗಿ ಮಡ್‌ಗಾರ್ಡಿಗೆ ತಾಗ್ತಿತ್ತು. ಸ್ಪ್ರಿಂಗ್ ಮಾಡೋನು ಸರಿಯಾಗೇ ಕೇಳಿದ: 'ಗಾಡಿ ತೂಕ ಎಷ್ಟು ಸಾರ್? ಲೋಡ್ ಎಷ್ಟು ಹಾಕ್ತೀರಿ?' ನಾನು ಒಂದು ಕ್ಷಣವೂ ಯೋಚಿಸದೆ '180 ಕೆಜಿ, ಮೇಲೆ ಎರಡು ಮೂಟೆ' ಅಂದೆ. ಈ 180 ಎಲ್ಲಿಂದ ಬಂತು? ಸೆಂಟರ್ ಸ್ಟ್ಯಾಂಡ್ ಹಾಕುವಾಗ ನನ್ನ ಸೊಂಟಕ್ಕೆ ಹಾಗೆ ಅನ್ನಿಸಿತ್ತು, ಅಷ್ಟೇ. ಅವನು ನಾನು ಹೇಳಿದ ಲೆಕ್ಕಕ್ಕೆ ದಪ್ಪ ತಂತಿಯ ಸ್ಪ್ರಿಂಗ್ ಮಾಡಿಕೊಟ್ಟ. ಅವನದೇನೂ ತಪ್ಪಿಲ್ಲ.

ಹುಡುಗ ಬಿದ್ದ ಮೇಲೆ ನಿಜವಾದ ತೂಕ ಎಷ್ಟು ಅಂತ ಸಿಕ್ಕವರನ್ನೆಲ್ಲ ಕೇಳಿದೆ. ಒಬ್ಬರು 130 ಅಂದ್ರು, ಇನ್ನೊಬ್ಬರು 145, ಮತ್ತೊಬ್ಬರು 'ಕಬ್ಬಿಣ ಕಣ್ರೀ, 170 ಆದ್ರೂ ಇರುತ್ತೆ' ಅಂದ್ರು. ಕಾರ್ಖಾನೆಯನ್ನ ಕೇಳೋಣ ಅಂದ್ರೆ ಮೈಸೂರಿನ ಐಡಿಯಲ್ ಜಾವಾ 1996ರಲ್ಲೇ ಬಾಗಿಲು ಹಾಕಿದೆ. ಹಳೇ ಕರಪತ್ರ ಸಿಕ್ಕಿದ್ರೂ ಅದರಲ್ಲಿರೋ ಅಂಕಿಯನ್ನ ಹಾಗೇ ನಂಬೋಕಾಗಲ್ಲ. ಕೆಲವು ಕಂಪನಿಗಳು ಪೆಟ್ರೋಲ್, ಆಯಿಲ್, ಕೆಲವು ಸಲ ಬ್ಯಾಟರಿಯೂ ಇಲ್ಲದ ಒಣ ತೂಕ ಬರೀತಿದ್ವು. ಕೆಲವು ರಸ್ತೆಗೆ ಹೊರಟ ಹಾಗಿನ ಪೂರ್ತಿ ತೂಕ ಬರೀತಿದ್ವು. ಯಾವುದು ಅಂತ ಎಷ್ಟೋ ಕಡೆ ಹೇಳಿರಲ್ಲ. ಒಂದು ಲೀಟರ್ ಪೆಟ್ರೋಲೇ ಮುಕ್ಕಾಲು ಕೆಜಿ ಹತ್ತಿರ ತೂಗುತ್ತೆ, ಟ್ಯಾಂಕ್ ತುಂಬಿದ್ರೆ ಎಷ್ಟು ಫರಕ್ ನೋಡಿ. ಇನ್ನು ನನ್ನ ಗಾಡಿ 1984ರದ್ದು. ಅದಕ್ಕೆ ಆಂಗ್ಲರ್ ಕ್ಯಾರಿಯರ್ ಬೆಸುಗೆ ಹಾಕಿಸಿದ್ದು ನಮ್ಮಪ್ಪ, ಮುಂದಿನ ಗಾರ್ಡ್ ಹಾಕಿಸಿದ್ದು ನಾನು. ಕಾರ್ಖಾನೆಯಿಂದ ಬಂದ ಗಾಡಿ ಈಗ ಅಲ್ಲಿ ಉಳಿದೇ ಇಲ್ಲ.

ಒಬ್ಬ ಹುಡುಗ ಇನ್ನೊಂದು ವಾದ ತಂದ. ಯೆಜ್ಡಿಯ ಮೂಲ ಚೆಕೊಸ್ಲೊವಾಕಿಯಾದ ಜಾವಾ, ಅದರ ಸೋದರ ಕಂಪನಿ ಸಿಝಡ್ 1960ರ ದಶಕದಲ್ಲಿ ಮೋಟೋಕ್ರಾಸ್ ವಿಶ್ವ ಚಾಂಪಿಯನ್, ಅದರ ಲೆಕ್ಕವನ್ನೇ ನಮ್ಮದಕ್ಕೂ ಹಾಕೋಣ ಅಂದ. ಚಾಂಪಿಯನ್ ಆಗಿದ್ದು ನಿಜ. 1964ರಲ್ಲಿ ಬೆಲ್ಜಿಯಂನ ಜೋಯೆಲ್ ರೋಬೇರ್ 250 ಸಿಸಿ ಪಟ್ಟ ಗೆದ್ದಿದ್ದು ಸಿಝಡ್ ಮೇಲೇ. ಆದ್ರೆ ಅದು ಹೆಡ್‌ಲೈಟ್ ಇಲ್ಲದ, ಕ್ಯಾರಿಯರ್ ಇಲ್ಲದ, ರೇಸಿಗೇ ಅಂತ ಮಾಡಿದ ಗಾಡಿ. ಅಣ್ಣತಮ್ಮಂದಿರು ಅಂದ ಮಾತ್ರಕ್ಕೆ ಒಬ್ಬನ ಅಂಗಿ ಇನ್ನೊಬ್ಬನಿಗೆ ಆಗಲ್ಲ.

ಕೊನೆಗೆ ನಗು ಬಂತು. ಕಾಫಿ ಮಾರುವಾಗ ವ್ಯಾಪಾರಿ ಹೇಳಿದ ತೂಕ ನಾವು ಒಪ್ಪಲ್ಲ. ಮನೇಲೇ ತೂಗಿ, ಚೀಟಿ ಬರೆದು, ಆಮೇಲೆ ಮೂಟೆ ಲೋಡ್ ಮಾಡ್ತೀವಿ. ಅರ್ಧ ಕೆಜಿಗೆ ಜಗಳ ಆಡ್ತೀವಿ. ಮನೆ ಮಕ್ಕಳು ಕೂತು ಹೋಗೋ ಗಾಡಿಗೆ ಮಾತ್ರ ಬಾಯಿಗೆ ಬಂದ ಅಂಕಿ ಸಾಕಾ? ಚೀಲ ತೂಗೋ ಸ್ಕೇಲು ಅಲ್ಲೇ ಕಣದ ಪಕ್ಕದ ಶೆಡ್ಡಲ್ಲೇ ಇತ್ತು.

ತೂಗಿದ್ದು ಹೀಗೆ. ವೇಬ್ರಿಡ್ಜಿಗೆ ಹೋಗಬೇಡಿ. ಅದು ಲಾರಿಗೆ ಮಾಡಿದ್ದು, ನಮ್ಮ ಕಡೆಯದು 10 ಕೆಜಿ ಹೆಜ್ಜೆಯಲ್ಲಿ ತೋರಿಸುತ್ತೆ. ಚೀಲ ತೂಗೋ ಸ್ಕೇಲಿನ ಮೇಲೆ ಒಂದೇ ಚಕ್ರ ಹತ್ತಿಸಿ. ಇನ್ನೊಂದು ಚಕ್ರದ ಅಡಿಗೆ ಸ್ಕೇಲಿನಷ್ಟೇ ಎತ್ತರದ ಹಲಗೆ ಇಡಿ. ಎರಡೂ ಒಂದೇ ಮಟ್ಟದಲ್ಲಿ ಇಲ್ಲದಿದ್ರೆ ತೂಕ ತಗ್ಗಿನ ಕಡೆಗೆ ಸರಿಯುತ್ತೆ. ಸ್ಟ್ಯಾಂಡ್ ಹಾಕಬಾರದು. ಗಾಡಿ ನೆಟ್ಟಗೆ ನಿಂತಿರಬೇಕು, ಹಿಡಿಯೋನು ಬೀಳದ ಹಾಗೆ ಬೆರಳಲ್ಲಿ ಹಿಡೀಬೇಕೇ ಹೊರತು ಒತ್ತಬಾರದು, ಎತ್ತಬಾರದು. ಟ್ಯಾಂಕ್ ಅರ್ಧ ಇರಲಿ. ಮೂರು ಸಲ ತೂಗಿ, ಮೂರೂ ಹತ್ತಿರ ಹತ್ತಿರ ಬಂದ್ರೆ ಬರ್ಕೊಳ್ಳಿ. ಆಮೇಲೆ ಇನ್ನೊಂದು ಚಕ್ರ. ಎರಡನ್ನೂ ಕೂಡಿದ್ರೆ ಅದೇ ಗಾಡಿಯ ತೂಕ.

ನನಗೆ ಬಂದಿದ್ದು ಇಷ್ಟು:

ಖಾಲಿ ಗಾಡಿ: ಮುಂದೆ 66, ಹಿಂದೆ 88. ಒಟ್ಟು 154 ಕೆಜಿ.
ನಾನು ಕೂತಾಗ: ಮುಂದೆ 88, ಹಿಂದೆ 140. ಒಟ್ಟು 228.
ಜೊತೆಗೆ ಕ್ಯಾರಿಯರ್ ಮೇಲೆ 50 ಕೆಜಿಯ ಡಿಎಪಿ ಮೂಟೆ: ಮುಂದೆ 80, ಹಿಂದೆ 198. ಒಟ್ಟು 278.

ನಾನು ಬಾಯಿಗೆ ಬಂದ ಹಾಗೆ ಹೇಳಿದ್ದಕ್ಕೂ ನಿಜಕ್ಕೂ 26 ಕೆಜಿ ವ್ಯತ್ಯಾಸ. ಅದಕ್ಕಿಂತ ಮುಖ್ಯವಾದದ್ದು ಕೊನೆಯ ಸಾಲು, ಇನ್ನೊಮ್ಮೆ ಓದಿ. ಮೂಟೆ 50 ಕೆಜಿ, ಹಿಂದಿನ ಚಕ್ರಕ್ಕೆ ಏರಿದ್ದು 58. ಮುಂದಿನದು 8 ಕೆಜಿ ಹಗುರ ಆಯ್ತು. ಯಾಕಂದ್ರೆ ಕ್ಯಾರಿಯರ್ ಇರೋದು ಹಿಂದಿನ ಆಕ್ಸಲ್‌ಗಿಂತ ಹಿಂದೆ, ಮೂಟೆ ಮೀಟುಗೋಲಿನ ಹಾಗೆ ಮುಂಭಾಗವನ್ನ ಎತ್ತುತ್ತೆ. ಏರು ಹತ್ತುವಾಗ ಹ್ಯಾಂಡಲ್ ತೇಲಿದ ಹಾಗೆ ಆಗೋದು ಇದಕ್ಕೇ. ಈ ಮಾಹಿತಿ ಯಾವ ಕರಪತ್ರದಲ್ಲೂ ಸಿಗಲ್ಲ. ಎರಡೇ ಇಂಚು ಮುಂದಕ್ಕೆ ಮೂಟೆ ಕಟ್ಟಿದ್ರೂ ಫರಕ್ ಗೊತ್ತಾಗುತ್ತೆ.

ಈಗ ಸ್ಪ್ರಿಂಗ್ ಲೆಕ್ಕ. ಇದಕ್ಕೆ ಒಂದು ಟೇಪು ಸಾಕು. ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ನೇತಾಡ್ತಿರುವಾಗ ಆಕ್ಸಲ್ ನಟ್ಟಿನಿಂದ ನೇರ ಮೇಲೆ ಮಡ್‌ಗಾರ್ಡ್ ಮೇಲಿನ ಒಂದು ಗುರುತಿಗೆ ಅಳತೆ ತಗೊಳ್ಳಿ. ಅದು ಸೊನ್ನೆ. ಆಮೇಲೆ ಗಾಡಿ ಅದರಷ್ಟಕ್ಕೇ ನೆಲದ ಮೇಲೆ ನಿಂತಾಗ, ನೀವು ಕೂತಾಗ, ಮೂಟೆ ಹಾಕಿದಾಗ ಅಳೆಯಿರಿ. ಎಷ್ಟು ಕೂತಿತು ಅಂತ ಸಿಗುತ್ತೆ. ನನ್ನ ಗಾಡಿಯ ಹಿಂದಿನ ಚಕ್ರಕ್ಕೆ ಮೇಲೆ ಕೆಳಗೆ ಇರೋ ಓಟ 90 ಮಿಮೀ.

ಆ ದಪ್ಪ ಸ್ಪ್ರಿಂಗಲ್ಲಿ ಖಾಲಿ ಗಾಡಿ ಒಂದು ಮಿಮೀ ಕೂಡ ಕೂರ್ತಿರಲಿಲ್ಲ. ನಾನು ಕೂತ್ರೆ 10, ಮೂಟೆ ಸಮೇತ 21. ಅಂದ್ರೆ ಚಕ್ರಕ್ಕೆ ಗುಂಡಿಗೆ ಇಳಿಯೋಕೆ ಜಾಗವೇ ಇರಲಿಲ್ಲ. ಶಾಕ್ ಕೆಲಸ ಉಬ್ಬು ಬಂದಾಗ ಒತ್ತಿಕೊಳ್ಳೋದು ಮಾತ್ರ ಅಂತ ನಾವು ತಿಳ್ಕೊಂಡಿದ್ದೀವಿ. ತಗ್ಗು ಬಂದಾಗ ಚಕ್ರವನ್ನ ಕೆಳಗೆ ತಳ್ಳಿ ನೆಲಕ್ಕೆ ಅಂಟಿಸಿ ಇಡೋದೂ ಅದರದೇ ಕೆಲಸ. ಕೂತಿದ್ರೆ ತಾನೇ ಏಳೋಕಾಗೋದು?

ಸಾಮಾನ್ಯವಾಗಿ ಸವಾರ ಕೂತಾಗ ಒಟ್ಟು ಓಟದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಕೂರಬೇಕು. ನನ್ನ 90ಕ್ಕೆ ಅದು 22ರಿಂದ 30 ಮಿಮೀ. ಸವಾರ ಇಲ್ಲದಾಗಲೂ ಸ್ವಲ್ಪ ಕೂತಿರಬೇಕು. ಈ ಸಲ ಸ್ಪ್ರಿಂಗ್ ಮಾಡೋನ ಹತ್ತಿರ ಮೂರು ಸಾಲಿನ ಚೀಟಿ, ಟೇಪಿನ ಅಳತೆ ಎರಡೂ ತಗೊಂಡು ಹೋದೆ. ಜೊತೆಗೆ ಸ್ಪ್ರಿಂಗ್ ಹೊರದ ತೂಕವನ್ನೂ ಹೇಳಿದೆ. ಚಕ್ರ, ಟಯರ್, ಬ್ರೇಕ್ ಡ್ರಮ್, ಸ್ವಿಂಗ್ ಆರ್ಮಿನ ಅರ್ಧ ಇವೆಲ್ಲ ನೆಲದ ಮೇಲೇ ಕೂತಿರುತ್ತೆ, ಸ್ಪ್ರಿಂಗ್ ಮೇಲಲ್ಲ. ನನ್ನದಕ್ಕೆ ಸುಮಾರು 18 ಕೆಜಿ. ಅದನ್ನ ಹಿಂದಿನ ತೂಕದಲ್ಲಿ ಕಳೆದೇ ಲೆಕ್ಕ ಹಾಕಬೇಕು.

ಹೊಸ ಸ್ಪ್ರಿಂಗಲ್ಲಿ ಖಾಲಿ 9 ಮಿಮೀ, ನಾನು ಕೂತ್ರೆ 26, ಮೂಟೆ ಸಮೇತ 45. ನಾನು ಕೂತಾಗ ಹಿಂದಕ್ಕೆ ಬಿದ್ದ ತೂಕ 52 ಕೆಜಿ, ಕೂತಿದ್ದು 17 ಮಿಮೀ. ಅಂದ್ರೆ ಮಿಮೀಗೆ ಹತ್ತಿರ ಹತ್ತಿರ 3 ಕೆಜಿ. ಹಳೇ ದಪ್ಪದ್ದು 5 ಕೆಜಿ ಇತ್ತು. ಮೂಟೆ ಇರೋ ದಿನ ಶಾಕಿನ ಕೆಳಗಿನ ಕಾಲರನ್ನ ಎರಡು ಮೆಟ್ಟಿಲು ತಿರುಗಿಸಿ ಎತ್ತರಿಸ್ತೀನಿ, ಇಳಿಸಿದ ಮೇಲೆ ವಾಪಸ್. ಒಂದು ತಪ್ಪು ಕಲ್ಪನೆ ಬಿಡಿ: ಆ ಕಾಲರ್ ತಿರುಗಿಸಿದ್ರೆ ಸ್ಪ್ರಿಂಗ್ ಗಟ್ಟಿ ಆಗಲ್ಲ. ಗಾಡಿ ನಿಲ್ಲೋ ಎತ್ತರ ಮಾತ್ರ ಬದಲಾಗುತ್ತೆ. ಹಾಗೇ ಮುಂದಿನ ಫೋರ್ಕಿಗೆ ದಪ್ಪ ಆಯಿಲ್ ಹಾಕಿದ್ರೆ ಭಾರ ತಡೆಯುತ್ತೆ ಅನ್ನೋದೂ ಸುಳ್ಳು. ಭಾರ ಹೊರೋದು ಸ್ಪ್ರಿಂಗ್, ಆಯಿಲ್ ಕುಣಿತವನ್ನ ನಿಧಾನ ಮಾಡುತ್ತೆ ಅಷ್ಟೇ. ಇನ್ನು ಸ್ಪ್ರಿಂಗನ್ನ ಮನೇಲಿ ಹಗ್ಗ, ಕಬ್ಬಿಣದ ಸಲಾಕೆ ಇಟ್ಟು ಬಿಚ್ಚೋಕೆ ಹೋಗಬೇಡಿ. ಒತ್ತಿಟ್ಟ ಸ್ಪ್ರಿಂಗ್ ಚಿಮ್ಮಿದ್ರೆ ಮುಖ ಉಳಿಯಲ್ಲ. ಸರಿಯಾದ ಕಂಪ್ರೆಸರ್ ಇರೋ ಮೆಕಾನಿಕ್ ಹತ್ತಿರ ಹೋಗಿ.

'ಹಳೇ ಗಾಡಿಗೆ ಇಷ್ಟೆಲ್ಲ ಯಾಕೆ? ನಮ್ಮಪ್ಪಂದಿರು ಅಳೆದಿದ್ರಾ?' ಅಂತ ಕೇಳೋರಿದ್ದೀರಿ, ಗೊತ್ತು. ಅವರಿಗೆ ಅಳೆಯೋ ಅಗತ್ಯ ಬರಲಿಲ್ಲ. ಸ್ಪ್ರಿಂಗ್ ಹೋದ್ರೆ ಕಂಪನಿ ಸ್ಪ್ರಿಂಗೇ ಸಿಗ್ತಿತ್ತು, ಆ ಲೆಕ್ಕವನ್ನ ಯಾರೋ ಇಂಜಿನಿಯರ್ ಮಾಡಿಟ್ಟಿದ್ದ. ಈಗ ಸ್ಪ್ರಿಂಗ್ ಮಾಡಿಸೋರು ನಾವು, ಹಾಗಾಗಿ ಲೆಕ್ಕದ ಜವಾಬ್ದಾರಿಯೂ ನಮ್ಮದೇ. 'ಗಟ್ಟಿ ಇದ್ರೆ ಒಳ್ಳೇದು' ಅನ್ನೋದು ಬೇಲಿ ಕಂಬಕ್ಕೆ ಸರಿ, ಮನುಷ್ಯ ಕೂತು ಹೋಗೋ ಗಾಡಿಗೆ ಅಲ್ಲ. ಮೂಟೆ ಇರೋದು ಹೋಗುವಾಗ ಮಾತ್ರ. ಬರೋದು ಖಾಲಿ, ಅದೂ ಇಳಿಜಾರಲ್ಲಿ.

ಕಾಫಿ ಕೊಯ್ಲು ಶುರು ಆಗೋ ಮೊದಲು ಯಾರಿಗಾದ್ರೂ ತಮ್ಮ ಗಾಡಿ ತೂಗಬೇಕು ಅಂದ್ರೆ ಭಾನುವಾರ ಬೆಳಿಗ್ಗೆ ನಮ್ಮ ಕಣಕ್ಕೆ ತನ್ನಿ. ಸ್ಕೇಲು, ಹಲಗೆ, ಟೇಪು ಇದೆ. ನೀವು ದಿನಾ ಹಾಕೋ ಲೋಡನ್ನೂ ಜೊತೆಗೆ ತನ್ನಿ. ಮನೇಲಿ ಗಾಡಿ ಓಡಿಸೋರು ಎಲ್ಲರೂ ಬನ್ನಿ, ಒಬ್ಬೊಬ್ಬರ ತೂಕವೂ ಬೇರೆ.

ತಮ್ಮನ ಮಗನ ಕೈ ಈಗ ಸರಿ ಇದೆ. ಮೊನ್ನೆ 'ದೊಡ್ಡಪ್ಪ, ಮೇಲಿನ ಬ್ಲಾಕಿಗೆ ನಾನೇ ಹೋಗ್ಲಾ?' ಅಂದ. ಮೊದಲು ಸ್ಕೇಲಿನ ಮೇಲೆ ಗಾಡಿ ಹತ್ತಿಸಿ ಕೂತ್ಕೋ ಅಂದೆ. ಅವನ ಅಂಕಿಯನ್ನ ಗೋಡೆ ಮೇಲೆ ನನ್ನದರ ಕೆಳಗೆ ಬರೆದು, ಕಾಲರ್ ಒಂದು ಮೆಟ್ಟಿಲು ಇಳಿಸಿ, ಆಮೇಲೆ ಕೀ ಕೊಟ್ಟೆ.