ಮನೆ ಮಾತು: ಬೈಗುಳಕ್ಕೆ ಮೊದಲು ಒಂದು ಲೋಟ ಕಾಫಿ



ಅವರೆಕಾಯಿ ಕಾಲ ಬಂತೆಂದರೆ ನಮ್ಮ ಯಲಹಂಕದ ಕಡೆ ಮನೆಮನೆಯಲ್ಲೂ ಹಿತಕಿದ ಬೇಳೆಯ ಸಡಗರ. ರಾತ್ರಿ ನೆನೆಹಾಕಿದ ಕಾಳನ್ನು ಬೆಳಿಗ್ಗೆ ಹಿತುಕುತ್ತಾ ಕೂತರೆ ಕೈಗೆ ಕೆಲಸ, ಬಾಯಿಗೆ ಬಿಡುವು. ಕಳೆದ ವರ್ಷ ಹಾಗೆ ಕೂತಿದ್ದಾಗ ನನ್ನ ಮಗಳು ತಲೆ ಎತ್ತದೆಯೇ ಒಂದು ಮಾತು ತೆಗೆದಳು.

"ಅಮ್ಮಾ, ನನ್ನ ಗೆಳತಿಯೊಬ್ಬಳು ಒಬ್ಬ ಹುಡುಗನ್ನ ಇಷ್ಟಪಡ್ತಾಳೆ. ಮೊನ್ನೆ ಅವನು ಅವಳ ಕೆನ್ನೆಗೆ ಹೊಡೆದನಂತೆ. ಎಲ್ಲಿದ್ದೀಯ, ಯಾರ ಜೊತೆ ಇದ್ದೀಯ, ಫೋಟೋ ತೆಗೆದು ಕಳಿಸು ಅಂತ ಗಂಟೆಗೊಂದು ಸಲ ಕೇಳ್ತಾನಂತೆ. ಅವಳ ಮೊಬೈಲಿನ ಪಾಸ್‌ವರ್ಡೂ ಅವನ ಹತ್ತಿರಾನೇ ಇದೆ."

ನಾನು ಏನು ಹೇಳಿದೆ ಗೊತ್ತೇ? "ಓದೋ ವಯಸ್ಸಿನಲ್ಲಿ ಅವಳಿಗೆ ಹುಡುಗನ ಸಹವಾಸ ಯಾಕೆ ಬೇಕಿತ್ತು?" ಅಂದುಬಿಟ್ಟೆ. ಅಷ್ಟೇ! ಮಗಳು ಬಾಯಿ ಮುಚ್ಚಿದಳು. ಕಾಳು ಹಿತುಕಿ ಮುಗಿಯುವವರೆಗೂ ಒಂದು ಮಾತಿಲ್ಲ. ಆಮೇಲೆ ನಾನಾಗಿ ಕೇಳಿದರೂ "ಏನಿಲ್ಲ ಬಿಡಮ್ಮ" ಅನ್ನುವ ಉತ್ತರ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೆತ್ತ ತಾಯಿಗೆ ಹೇಳಲಾರದ್ದನ್ನು ಆ ಹುಡುಗಿ ಗೆಳತಿಗೆ ಹೇಳಿದಳು. ಗೆಳತಿ ನನ್ನನ್ನು ನಂಬಿ ನನಗೆ ಹೇಳಿದಳು. ನಾನು ಬಾಗಿಲು ಹಾಕಿದೆ. ಹೊಡೆದವನ ಬಗ್ಗೆ ಒಂದು ಮಾತೂ ಆಡದೆ ಹೊಡೆಸಿಕೊಂಡವಳನ್ನು ಪ್ರಶ್ನೆ ಮಾಡಿದೆ. ನಾವು ದೊಡ್ಡವರು ಹೀಗೆ ಮಾಡುವುದು ಮೊದಲನೇ ಸಲವೇನಲ್ಲ, ಅಲ್ಲವೇ?

ಹದಿಹರೆಯದ ಮಕ್ಕಳು ಕಷ್ಟ ಬಂದಾಗ ಮೊದಲು ಹೋಗುವುದು ತಮ್ಮ ವಯಸ್ಸಿನವರ ಹತ್ತಿರವೇ. ಅದನ್ನು ತಪ್ಪಿಸಲು ನಮ್ಮಿಂದಾಗದು. ಹಾಗಿದ್ದ ಮೇಲೆ ಆ ವಯಸ್ಸಿನವರೇ ಒಬ್ಬರಿಗೊಬ್ಬರು ಸರಿಯಾಗಿ ಆಸರೆಯಾಗುವಂತೆ ನೋಡಿಕೊಳ್ಳುವುದು ಜಾಣತನವಲ್ಲವೇ? ಇದಕ್ಕೆ ದೂರದ ಉದಾಹರಣೆ ಬೇಡ. ನಮ್ಮ ಯಲಹಂಕದಲ್ಲೇ ಒಂದಿದೆ.

ಯಲಹಂಕ ಉಪನಗರದಲ್ಲಿ ಸೃಷ್ಟಿ ಎಂಬ ಕಲೆ ಮತ್ತು ವಿನ್ಯಾಸದ ವಿದ್ಯಾಸಂಸ್ಥೆ ಇದೆ. ಅಲ್ಲಿ ಓದುತ್ತಿದ್ದ ಜಸ್ಮೀನ್ ಪಥೇಜಾ ಎಂಬ ವಿದ್ಯಾರ್ಥಿನಿ 2003ರಲ್ಲಿ 'ಬ್ಲ್ಯಾಂಕ್ ನಾಯ್ಸ್' ಎಂಬ ಕೆಲಸ ಶುರು ಮಾಡಿದರು. ಬೀದಿಯಲ್ಲಿ, ಬಸ್ಸಿನಲ್ಲಿ ಹೆಣ್ಣುಮಕ್ಕಳಿಗಾಗುವ ಕಾಟವನ್ನು "ಅಯ್ಯೋ, ಇದ್ದದ್ದೇ" ಅಂತ ನಾವೆಲ್ಲ ತಳ್ಳಿಹಾಕುತ್ತಿದ್ದೆವಲ್ಲ, ಆ ಹುಡುಗಿ ತಳ್ಳಿಹಾಕಲಿಲ್ಲ. ಓದಿನ ಭಾಗವಾಗಿ ಆರಂಭವಾದದ್ದು ಬೇರೆ ಊರುಗಳಿಗೂ ಹಬ್ಬಿತು. ಅದರಲ್ಲಿ ಸೇರಿದವರನ್ನು 'ಆಕ್ಷನ್ ಹೀರೋ'ಗಳು ಎನ್ನುತ್ತಾರೆ. ಸಿನಿಮಾದ ಹೀರೋಗಳಲ್ಲ, ನಮ್ಮ ನಿಮ್ಮಂಥವರ ಮಕ್ಕಳು.

ಅವರ ಒಂದು ಕೆಲಸ ನನ್ನ ಮನಸ್ಸಿಗೆ ತುಂಬ ನಾಟಿತು. ಕಾಟಕ್ಕೊಳಗಾದ ದಿನ ತೊಟ್ಟಿದ್ದ ಬಟ್ಟೆಯನ್ನು ತಂದುಕೊಡಿ ಎಂದು ಹೆಂಗಸರನ್ನು ಕೇಳಿದರು. ಬಂದದ್ದೇನು? ಚೂಡಿದಾರ, ಸೀರೆ, ಶಾಲೆಯ ಸಮವಸ್ತ್ರ ಕೂಡ. 'ನಾನು ಇದನ್ನು ಬೇಡಿ ಪಡೆದದ್ದಲ್ಲ' ಎಂಬುದನ್ನು ಆ ಬಟ್ಟೆಗಳೇ ಹೇಳುತ್ತವೆ. ಇನ್ನು ಏನು ತೊಟ್ಟಿದ್ದೆ ಎಂಬ ಪ್ರಶ್ನೆಗೆ ಬೆಲೆಯೆಲ್ಲಿದೆ?

ಇನ್ನೊಂದು, 2012ರದ್ದು. ಯಲಹಂಕದಲ್ಲಿ ಒಂದು ಗಲ್ಲಿಗೆ ವಿದ್ಯಾರ್ಥಿಗಳೇ ಭಯದಿಂದ ಒಂದು ಕೆಟ್ಟ ಹೆಸರಿಟ್ಟಿದ್ದರು. ಅತ್ಯಾಚಾರಿಗಳ ಗಲ್ಲಿ ಅಂತ. ಆ ದಾರಿಯನ್ನು ತಪ್ಪಿಸಿ ಓಡಾಡುವ ಬದಲು ಈ ಹುಡುಗಿಯರು ಅಲ್ಲೇ ಮೇಜು ಕುರ್ಚಿ ಹಾಕಿದರು. ಚಹಾ, ಸಮೋಸ ಇಟ್ಟರು. ದಾರಿಯಲ್ಲಿ ಹೋಗುವ ಅಪರಿಚಿತರನ್ನು ಕರೆದು ಎದುರು ಕೂರಿಸಿಕೊಂಡು ಮಾತಾಡಿದರು. 'ನನ್ನ ಜೊತೆ ಮಾತಾಡಿ' ಎಂಬುದೇ ಅದರ ಹೆಸರಿನ ಅರ್ಥ. ಬೈಯಲಿಲ್ಲ, ಘೋಷಣೆ ಕೂಗಲಿಲ್ಲ. ಅಂಜಿಕೆಯ ಜಾಗದಲ್ಲಿ ಮಾತು ತಂದರು. ನಮಗೆ ಇಷ್ಟು ವರ್ಷ ಅಡಿಗೆ ಮಾಡಿ ಬಡಿಸಿದರೂ ಹೊಳೆಯದ್ದು ಆ ಮಕ್ಕಳಿಗೆ ಹೊಳೆಯಿತು ನೋಡಿ!

ಅದು ಬೀದಿಯ ಕಾಟದ ಮಾತು, ಪ್ರೀತಿಯ ಹೆಸರಿನಲ್ಲಿ ಕೊಡುವ ಕಾಟ ಬೇರೆ ಎನ್ನಬಹುದು ನೀವು. ನಿಜ. ಬೀದಿಯವನು ಅಪರಿಚಿತ, ಇವನು ತಾನು ಮೆಚ್ಚಿದವನು. ಅದಕ್ಕೇ ಇದು ಇನ್ನೂ ಕಷ್ಟ. ಹೊಡೆದ ಮರುದಿನ ಅವನೇ ಬಂದು ಅಳುತ್ತಾನೆ, ಹೂವು ಕೊಡುತ್ತಾನೆ. "ನಿನ್ನ ಮೇಲಿನ ಪ್ರೀತಿಗೇ ಹೀಗಾಯ್ತು" ಅನ್ನುತ್ತಾನೆ. ಹುಡುಗಿ ನಂಬುತ್ತಾಳೆ. ಆದರೆ ಎರಡಕ್ಕೂ ಮದ್ದು ಒಂದೇ ಕಡೆಯಿಂದ ಶುರುವಾಗುತ್ತದೆ: ತಪ್ಪು ನಿನ್ನದಲ್ಲ ಎಂದು ಹೇಳಿ, ಪೂರ್ತಿ ಕೇಳಿಸಿಕೊಳ್ಳುವ ಒಬ್ಬರು ಬೇಕು.

ಮಗಳ ಹತ್ತಿರ ತಪ್ಪಾಯಿತು ಎಂದೆ. "ನಿನ್ನ ಗೆಳತಿಯನ್ನು ಕರೆದುಕೊಂಡು ಬಾ ಪುಟ್ಟಿ, ನಾನೇನೂ ಕೇಳೋದಿಲ್ಲ, ಕಾಫಿ ಮಾತ್ರ ಕೊಡ್ತೀನಿ" ಅಂದೆ. ಒಂದು ಭಾನುವಾರ ನಾಲ್ಕು ಹುಡುಗಿಯರು, ಇಬ್ಬರು ಹುಡುಗರು ನಮ್ಮ ತಾರಸಿಯ ಮೇಲೆ ಕೂತರು. ನಾನು ಕಾಫಿ, ಅವಲಕ್ಕಿ ಒಗ್ಗರಣೆ ಇಟ್ಟು ಕೆಳಗೆ ಬಂದೆ. ಕಿವಿ ಮೇಲೇ ಇತ್ತು, ಸುಳ್ಳು ಹೇಳಲಾರೆ! ಆದರೂ ಹತ್ತಲಿಲ್ಲ.

ಆ ಮಕ್ಕಳೇ ಎಲ್ಲ ಯೋಚಿಸಿದರು. ಕಾಲೇಜಿನಿಂದ ಬಸ್ ನಿಲ್ದಾಣದವರೆಗೆ ಸರದಿಯಂತೆ ಜೊತೆಗೆ ಹೋದರು. ಅವನು ಕಳಿಸಿದ ಬೆದರಿಕೆಯ ಸಂದೇಶಗಳನ್ನು ಅಳಿಸದೆ ತೆಗೆದಿಟ್ಟರು. ಮೊಬೈಲಿನ ಪಾಸ್‌ವರ್ಡ್ ಬದಲಾಯಿಸಿದರು. ಎರಡು ವಾರವಾದ ಮೇಲೆ ಹುಡುಗಿ ಮತ್ತೆ ಅವನ ಜೊತೆ ಹೋದಳು! ನನಗೆ ಸಿಟ್ಟು ನೆತ್ತಿಗೇರಿತು. "ಇಷ್ಟೆಲ್ಲ ಮಾಡಿದ್ದು ದಂಡ" ಅಂದೆ. ಮಗಳು ಹೇಳಿದಳು: "ಅಮ್ಮಾ, ಈಗ ನಾವು ಬೈದರೆ ಮುಂದಿನ ಸಲ ಅವಳಿಗೆ ಯಾರೂ ಇರೋದಿಲ್ಲ." ಹತ್ತೊಂಬತ್ತು ವರ್ಷದವಳ ಬಾಯಲ್ಲಿ ಎಂಥ ಮಾತು! ಆ ಹುಡುಗಿ ಮತ್ತೆ ಅವರ ಹತ್ತಿರವೇ ಬಂದಳು. ಈ ಸಲ ಗೆಳತಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ತನ್ನ ತಾಯಿಗೂ ಹೇಳಿದಳು. ತಾಯಿ ಅತ್ತರು, ಆದರೆ ಹೊಡೆಯಲಿಲ್ಲ. ಈಗ ಹುಡುಗಿ ಪರೀಕ್ಷೆಗೆ ಓದುತ್ತಿದ್ದಾಳೆ.

ನಿಮ್ಮ ಊರಿನಲ್ಲೂ ಇದು ಸಾಧ್ಯ. ನಾಲ್ಕು ಜನ ಮಕ್ಕಳು, ಒಂದು ಜಗಲಿ, ಒಬ್ಬ ನಂಬಿಕಸ್ತ ಹಿರಿಯರು ಇದ್ದರೆ ಸಾಕು. ಕೆಲವು ಸಂಗತಿ ಮಾತ್ರ ನೆನಪಿರಲಿ.

ಮೊದಲನೆಯದು, "ಯಾಕೆ ಹೋದೆ?" ಎಂಬ ಮಾತು ಬೇಡ. "ನನಗೆ ಹೇಳಿದ್ದು ಒಳ್ಳೇದಾಯ್ತು" ಅನ್ನಿ.

ಎರಡನೆಯದು, "ಇವತ್ತೇ ಬಿಟ್ಟುಬಿಡು" ಎಂದು ಅವಸರಪಡಿಸಬೇಡಿ. ಬಿಟ್ಟುಹೋಗುವ ಹೊತ್ತಿನಲ್ಲೇ ಅಂಥವರ ಸಿಟ್ಟು ಹೆಚ್ಚಾಗಿ ಅಪಾಯ ಬರುವುದುಂಟು. ಜೊತೆಗೆ ಯಾರಿರುತ್ತಾರೆ, ಎಲ್ಲಿಗೆ ಹೋಗುವುದು ಎಂದು ಮೊದಲು ಗೊತ್ತುಮಾಡಿಕೊಳ್ಳಲಿ.

ಮೂರನೆಯದು, ಅವನನ್ನು ಹಿಡಿದು ತದಕುವ ಸಾಹಸಕ್ಕೆ ಗೆಳೆಯರು ಇಳಿಯಬಾರದು. ಅದರಿಂದ ಹುಡುಗಿಗೇ ತೊಂದರೆ.

ನಾಲ್ಕನೆಯದು, ಇನ್ನೊಬ್ಬರ ನೋವು ಕೇಳಿ ಕೇಳಿ ಈ ಮಕ್ಕಳೂ ಕುಗ್ಗುತ್ತಾರೆ. ಊಟ, ನಿದ್ದೆ ಕೆಟ್ಟಿದೆಯೇ ನೋಡಿ. ಭಾರ ಪೂರ್ತಿ ಅವರ ತಲೆಯ ಮೇಲೆ ಬಿಡಬೇಡಿ. ಮನಸ್ಸಿನ ತೊಂದರೆಗೆ ಸರ್ಕಾರದ ಟೆಲಿ ಮಾನಸ್ ಇದೆ, 2022ರಿಂದ. ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು.

ಕಾನೂನೂ ಸ್ವಲ್ಪ ತಿಳಿದಿರಲಿ. ಬೇಡವೆಂದರೂ ಬೆನ್ನು ಹತ್ತುವುದು, ಮತ್ತೆ ಮತ್ತೆ ಫೋನು ಮಾಡಿ ಕಾಡುವುದು 2013ರಿಂದ ಅಪರಾಧ. 2024ರ ಜುಲೈ 1ರಂದು ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 78ನೇ ಕಲಂ, ಮೊದಲ ಸಲಕ್ಕೇ ಮೂರು ವರ್ಷದವರೆಗೆ ಸಜೆಯಾಗಬಹುದು. ಹುಡುಗಿ ತಾನೇ ಒಪ್ಪಿ ತೆಗೆಸಿಕೊಂಡ ಖಾಸಗಿ ಚಿತ್ರವಾದರೂ ಅವಳ ಒಪ್ಪಿಗೆಯಿಲ್ಲದೆ ಹಂಚಿದರೆ ತಪ್ಪು ಹಂಚಿದವನದು. ಈ ಒಂದು ಮಾತು ಗೊತ್ತಿಲ್ಲದೆ ಎಷ್ಟು ಹುಡುಗಿಯರು ಬೆದರಿಕೆಗೆ ಬಗ್ಗುತ್ತಾರೋ! ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದ್ದರೆ ಮಾತ್ರ ಗುಟ್ಟಾಗಿಡುವಂತಿಲ್ಲ. 2012ರ ಪೋಕ್ಸೋ ಕಾಯ್ದೆಯಂತೆ, ತಿಳಿದವರು ಪೊಲೀಸರಿಗೆ ಹೇಳಲೇಬೇಕು. ಮಕ್ಕಳಿಗೆ 1098, ಹೆಂಗಸರಿಗೆ 181, ತಕ್ಷಣದ ಅಪಾಯಕ್ಕೆ 112. ಇವನ್ನು ಹಾಲಿನ ಲೆಕ್ಕದ ಪಕ್ಕದಲ್ಲೇ ಗೋಡೆಗೆ ಅಂಟಿಸಿಡಿ.

ಗಂಡುಮಕ್ಕಳ ತಾಯಂದಿರಿಗೂ ಒಂದು ಮಾತು. ಅವರಿಗೂ ಇಂಥ ನೋವಾಗುವುದುಂಟು, ನಾಚಿಕೆಯಿಂದ ಹೇಳುವುದಿಲ್ಲ. ಹಾಗೆಯೇ, ಬೇಡ ಎಂದರೆ ಬೇಡ ಎಂದೇ ಅರ್ಥ ಎಂಬುದನ್ನು ಅವರು ಮನೆಯಲ್ಲೇ ಕಲಿಯಬೇಕು. ನಮ್ಮ ತಾರಸಿಗೆ ಬಂದ ಆ ಇಬ್ಬರು ಹುಡುಗರು ಬೇರೆ ಹುಡುಗರಿಗೆ ಹೇಳಿದ ಬುದ್ಧಿ ನಾವು ಹೇಳಿದ್ದರೆ ಹತ್ತುತ್ತಿತ್ತೇ?

ಮತ್ತೆ ಅವರೆಕಾಯಿ ಕಾಲ ಬರುತ್ತದೆ. ಕಾಳು ಹಿತುಕಲು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮುಖ ನೋಡಿ ಹೇಳಲಾರದ ಮಾತನ್ನು ಅವರು ಕಾಳು ನೋಡುತ್ತಾ ಹೇಳುತ್ತಾರೆ. ಆಗ ನನ್ನ ಹಾಗೆ ಅವಸರಪಟ್ಟು ಬಾಯಿ ತೆರೆಯಬೇಡಿ. ಏನಂತೀರಿ?