ಸ್ಥಾವರವಾದ ಮನೆ, ಜಂಗಮಕ್ಕೆ ತೆರೆದ ಬಾಗಿಲು

ಗೃಹಸ್ಥನ ಬಾಳಿನಲ್ಲಿ ಸ್ವಂತ ಮನೆಯ ಆಸೆ ಸಹಜವಾದುದು. “ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ಹಿರಿಯರು ಹೇಳಿದುದು ಮನುಷ್ಯನನ್ನು ಹೆದರಿಸುವುದಕ್ಕಲ್ಲ, ಆ ಎರಡು ಕಾರ್ಯಗಳಲ್ಲಿ ಅವನ ನಿಜವಾದ ಬಲಾಬಲ ಬಯಲಾಗುತ್ತದೆ ಎಂಬುದನ್ನು ತಿಳಿಸುವುದಕ್ಕೆ. ಹನ್ನೆರಡನೆಯ ಶತಮಾನದ ಶಿವಶರಣರು ಸಂಸಾರವನ್ನು ತೊರೆದು ಕಾಡಿಗೆ ಹೋಗಿರೆಂದು ಬೋಧಿಸಿದವರಲ್ಲ. ಅವರಲ್ಲಿ ಬಹುಮಂದಿ ಮನೆ, ಮಡದಿ, ಮಕ್ಕಳೊಡನೆ ಬಾಳುತ್ತಲೇ ಲಿಂಗಾಂಗ ಸಾಮರಸ್ಯವನ್ನು ಸಾಧಿಸಿದರು. ಆದುದರಿಂದ ಮನೆ ಕೊಳ್ಳುವ ವಿಚಾರವೂ ಶರಣ ಧರ್ಮದ ಹೊರಗಿನ ವಿಚಾರವಲ್ಲ.

ಇಂದು ಮಠದ ಭಕ್ತ ಕುಟುಂಬಗಳ ಮಕ್ಕಳು ಕಾಯಕವನ್ನರಸಿ ದೇಶಾಂತರಗಳಲ್ಲಿ ನೆಲೆಸಿದ್ದಾರೆ. ಅಂತಹ ನೆಲೆಗಳಲ್ಲಿ ಸಿಂಗಾಪುರವೂ ಒಂದು. ಅಲ್ಲಿ ಹತ್ತಿಪ್ಪತ್ತು ವರ್ಷ ದುಡಿದು ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ಮೂಡುವ ಹಂಬಲವೊಂದಿದೆ. ಬಹುಮಹಡಿಯ ಕಟ್ಟಡದ ಫ್ಲ್ಯಾಟನ್ನು ಬಿಟ್ಟು, ಊರ ನಡುವಿಗೆ ಹತ್ತಿರವೂ ಇರುವ, ಗದ್ದಲದಿಂದ ದೂರವೂ ಇರುವ ಹಳೆಯ ಬಡಾವಣೆಯಲ್ಲಿ ಕಾಲ ಕೆಳಗೆ ಸ್ವಂತ ನೆಲವಿರುವ ಮನೆಯನ್ನು ಕೊಳ್ಳಬೇಕೆಂಬುದೇ ಆ ಹಂಬಲ. ಜೂ ಚಿಯಾಟ್, ಕಾತೊಂಗ್ ಕಡೆಯ ಒಳಬೀದಿಗಳು, ಪೋತೊಂಗ್ ಪಾಸಿರ್ ಬಳಿಯ ಸೆನ್ನೆಟ್ ಬಡಾವಣೆ ಮುಂತಾದವು ಇಂತಹ ನೆಲೆಗಳು. ಈ ಹಂಬಲವನ್ನು ವಚನಗಳ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತವಾಗಿದೆ.

ಮೊದಲು ವಸ್ತುಸ್ಥಿತಿಯನ್ನು ಅರಿಯಬೇಕು. ಸಿಂಗಾಪುರದ ನಿವಾಸಿಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜನರು ಸರ್ಕಾರದ ವಸತಿ ಮಂಡಳಿ ಕಟ್ಟಿದ ಫ್ಲ್ಯಾಟುಗಳಲ್ಲಿ ವಾಸಿಸುತ್ತಾರೆ. ನೆಲಸಹಿತವಾದ ಮನೆಯಲ್ಲಿರುವ ಕುಟುಂಬಗಳು ಸುಮಾರು ಇಪ್ಪತ್ತಕ್ಕೆ ಒಂದು ಮಾತ್ರ. ಇಂತಹ ಮನೆಗಳಲ್ಲಿ ಒಂದಕ್ಕೊಂದು ಗೋಡೆ ಅಂಟಿದ ಸಾಲುಮನೆ, ಒಂದೇ ಪಕ್ಕದ ಗೋಡೆಯನ್ನು ಹಂಚಿಕೊಂಡ ಜೋಡಿಮನೆ, ಸುತ್ತಲೂ ಜಾಗವಿರುವ ಬಂಗಲೆ ಎಂಬ ಭೇದಗಳಿವೆ. ಈಗಿನ ನಿಯಮದಂತೆ ನಡುವಿನ ಸಾಲುಮನೆಗೆ ಕನಿಷ್ಠ 150 ಚದರ ಮೀಟರ್, ಜೋಡಿಮನೆಗೆ 200, ಬಂಗಲೆಗೆ 400 ಚದರ ಮೀಟರ್ ನಿವೇಶನವಿರಬೇಕು. 150 ಚದರ ಮೀಟರ್ ಎಂದರೆ ಸುಮಾರು 1,615 ಚದರ ಅಡಿ. ಕರ್ನಾಟಕದ ಊರುಗಳ ಮೂವತ್ತು–ನಲವತ್ತರ ಸೈಟಿಗಿಂತ ಸ್ವಲ್ಪವೇ ದೊಡ್ಡದು. ಇಷ್ಟು ನೆಲಕ್ಕಾಗಿ ಅಲ್ಲಿ ಮನುಷ್ಯನು ಇಡೀ ಜೀವಮಾನದ ದುಡಿಮೆಯನ್ನು ಅಡವಿಡುತ್ತಾನೆ.

ಅಡವಿಡುವುದು ಹಣವನ್ನು ಮಾತ್ರವಲ್ಲ. ಆ ದೇಶದ ವಸತಿ ಆಸ್ತಿ ಕಾಯ್ದೆಯ ಪ್ರಕಾರ ನೆಲಸಹಿತವಾದ ಮನೆಯನ್ನು ಅಲ್ಲಿಯ ಪೌರರು ಮಾತ್ರ ಸ್ವತಂತ್ರವಾಗಿ ಕೊಳ್ಳಬಹುದು. ಶಾಶ್ವತ ನಿವಾಸಿಯೂ ಈ ಕಾಯ್ದೆಯ ದೃಷ್ಟಿಯಲ್ಲಿ ಹೊರಗಿನವನೇ, ಅವನಿಗೆ ಸರ್ಕಾರದ ವಿಶೇಷ ಅನುಮತಿ ಬೇಕು. ಹೀಗಾಗಿ ಈ ಮನೆಯ ಆಸೆಯೊಡನೆ ಪೌರತ್ವವನ್ನು ಬದಲಿಸುವ ಪ್ರಶ್ನೆಯೂ ಬರುತ್ತದೆ. ಎರಡು ದೇಶಗಳ ಪೌರತ್ವವನ್ನು ಸಿಂಗಾಪುರವೂ ಒಪ್ಪುವುದಿಲ್ಲ, ಭಾರತವೂ ಒಪ್ಪುವುದಿಲ್ಲ. ಭಾರತದ ಪೌರತ್ವವನ್ನು ಬಿಟ್ಟವನು ಸಾಗರೋತ್ತರ ಭಾರತೀಯನೆಂಬ ಕಾರ್ಡನ್ನು ಪಡೆಯಬಹುದು. ಆದರೆ ಆ ಕಾರ್ಡುದಾರನು ಭಾರತದಲ್ಲಿ ಕೃಷಿಭೂಮಿಯನ್ನು ಕ್ರಯಕ್ಕೆ ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಮಾತ್ರ ಪಡೆಯಬಹುದು. ಅಲ್ಲಿ ಸಾವಿರದಾರುನೂರು ಅಡಿ ನೆಲ ದೊರೆಯುವ ಹೊತ್ತಿಗೆ ಇಲ್ಲಿ ಒಂದು ಎಕರೆ ಹೊಲವನ್ನು ಕೊಳ್ಳುವ ಹಕ್ಕು ಕೈಬಿಟ್ಟಿರುತ್ತದೆ. ಇದನ್ನು ಅರಿತು ಮಾಡಿದರೆ ಅದು ನಿರ್ಧಾರ. ಅರಿಯದೆ ಮಾಡಿದರೆ ಮೋಹ.

ಹಾಗಾದರೆ ಇಂತಹ ಮನೆಯನ್ನು ಬಯಸುವುದು ತಪ್ಪೇ? ತಪ್ಪಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದವರು. ಕಲ್ಯಾಣದಲ್ಲಿದ್ದ ಅವರ ನೆಲೆಗೆ ‘ಮಹಾಮನೆ’ ಎಂದೇ ಹೆಸರು. ಆದರೆ ಆ ಮನೆ ಮಹಾಮನೆಯಾದುದು ಅಂಕಣಗಳ ಲೆಕ್ಕದಿಂದಲ್ಲ. ಬಂದ ಜಂಗಮರಿಗೆ, ದೂರದೂರದಿಂದ ಹಸಿದು ಬಂದ ಶರಣರಿಗೆ ಅಲ್ಲಿ ದಾಸೋಹವಿತ್ತು. ಕುಲವನ್ನು ಕೇಳದೆ ಒಳಕ್ಕೆ ಕರೆಯುವ ಬಾಗಿಲಿತ್ತು. ಮನೆಯ ಅಳತೆಯನ್ನು ಬಾಗಿಲಿನಿಂದ ಮಾಡಬೇಕೆಂಬುದು ಶರಣರು ಹಾಕಿಕೊಟ್ಟ ಕ್ರಮ.

‘ಪ್ರಶಾಂತವಾದ ಬಡಾವಣೆ’ ಎಂಬ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಅಕ್ಕಮಹಾದೇವಿಯವರ ಪ್ರಸಿದ್ಧ ವಚನವೊಂದರಲ್ಲಿ ಬೆಟ್ಟ, ಸಮುದ್ರ ಮತ್ತು ಸಂತೆ ಎಂಬ ಮೂರು ನೆಲೆಗಳ ಮನೆಯ ಪ್ರಸ್ತಾಪವಿರುವುದನ್ನು ಭಕ್ತರೆಲ್ಲರೂ ಬಲ್ಲರು. ಮನೆಯನ್ನು ಎಲ್ಲಿ ಮಾಡಿಕೊಂಡರೂ ಆ ನೆಲೆಗೆ ತಕ್ಕ ಕಾಟವೊಂದು ಇದ್ದೇ ಇರುತ್ತದೆ, ಲೋಕದ ನಡುವೆ ಹುಟ್ಟಿದವನು ಸಮಾಧಾನವನ್ನು ತನ್ನೊಳಗೆ ಸಾಧಿಸಿಕೊಳ್ಳಬೇಕು ಎಂಬುದು ಅದರ ತಾತ್ಪರ್ಯ. ಸದ್ದಿಲ್ಲದ ಬೀದಿಯಲ್ಲಿ ಮನೆ ಕೊಂಡವನಿಗೆ ಪಕ್ಕದ ಮನೆಯ ನಾಯಿಯ ಬೊಗಳಿಕೆಯೇ ಗುಡುಗಾಗುವುದುಂಟು. ಹಳೆಯ ಬಡಾವಣೆಯಲ್ಲಿ ಒಬ್ಬರು ಹಳೆಯ ಮನೆಯನ್ನು ಕೆಡವಿ ಮೂರು ಅಂತಸ್ತು ಎಬ್ಬಿಸಲು ತೊಡಗಿದರೆ ವರ್ಷಗಟ್ಟಲೆ ಯಂತ್ರಗಳ ಸದ್ದು ನಿಲ್ಲುವುದಿಲ್ಲ. ಅದು ಮುಗಿಯುವಷ್ಟರಲ್ಲಿ ಇನ್ನೊಬ್ಬರು ತೊಡಗಿರುತ್ತಾರೆ. ಮೌನವನ್ನು ಕ್ರಯಪತ್ರದಲ್ಲಿ ಬರೆಸಿಕೊಳ್ಳಲು ಆಗುವುದಿಲ್ಲ. ಶಾಂತ ಪರಿಸರ ಇಷ್ಟಲಿಂಗ ಪೂಜೆಗೆ ಅನುಕೂಲವೆಂಬುದು ನಿಜ. ಅನುಕೂಲವನ್ನೇ ಸಾಧನೆಯೆಂದು ಭ್ರಮಿಸಬಾರದಷ್ಟೆ.

ಸಿಂಗಾಪುರದಲ್ಲಿಯೇ ನಡೆದ ಘಟನೆಯೊಂದು ಇಲ್ಲಿ ಮನನೀಯವಾಗಿದೆ. ಊರಂಚಿನ ಗೇಲಾಂಗ್ ಪ್ರದೇಶದ ಲೊರೊಂಗ್ 3 ಎಂಬ ಬೀದಿಯ ಸುತ್ತ 191 ಸಾಲುಮನೆಗಳಿದ್ದವು. 1958ರಲ್ಲಿ ಆ ಪ್ರದೇಶದ ಹಳ್ಳಿಯೊಂದು ಬೆಂಕಿಗೆ ಆಹುತಿಯಾದ ಬಳಿಕ, ಸಂತ್ರಸ್ತರಿಗಾಗಿ 1960ರಲ್ಲಿ 60 ವರ್ಷಗಳ ಗುತ್ತಿಗೆಯ ಮೇಲೆ ನೆಲ ಕೊಡಲಾಗಿತ್ತು. ಮನೆಗಳು ಕೈಯಿಂದ ಕೈಗೆ ಮಾರಾಟವಾದವು, ಬಾಡಿಗೆಗೆ ಹೋದವು, ಕೆಲವು ಪೂಜಾಸ್ಥಾನಗಳೂ ಆದವು. ಗುತ್ತಿಗೆ ಮುಗಿದೊಡನೆ ನೆಲವನ್ನು ಮರಳಿ ಪಡೆಯುವುದಾಗಿ 2017ರ ಜೂನ್ ತಿಂಗಳಲ್ಲಿ ಸರ್ಕಾರ ಪ್ರಕಟಿಸಿತು. ಆಗ ಮಾಲೀಕರೇ ವಾಸವಿದ್ದ ಮನೆಗಳು 33 ಮಾತ್ರ. 2020ರ ಡಿಸೆಂಬರ್ 31ರಂದು ಗುತ್ತಿಗೆ ಮುಗಿಯಿತು. ಮನೆಗಳಿಗೆ ಪರಿಹಾರ ಧನವಿಲ್ಲದೆ ನೆಲವು ಸರ್ಕಾರಕ್ಕೆ ಮರಳಿತು. ಆ ದೇಶದಲ್ಲಿ ಗುತ್ತಿಗೆಯ ಅವಧಿ ಮುಗಿದು ಹೀಗೆ ಹಿಂದಿರುಗಿದ ಮೊದಲ ವಸತಿ ನೆಲ ಅದು.

ಇದರಲ್ಲಿ ಅನ್ಯಾಯವಾಯಿತೆಂದು ಹೇಳಲು ಬರುವುದಿಲ್ಲ. 60 ವರ್ಷವೆಂದು ಪತ್ರದಲ್ಲಿ ಮೊದಲೇ ಬರೆದಿತ್ತು. ಆದರೆ ಗೋಡೆಗೆ ಸುಣ್ಣ ಬಳಿಯುತ್ತ, ಅಂಗಳದಲ್ಲಿ ಗಿಡ ನೆಡುತ್ತ, ಮಕ್ಕಳನ್ನು ಬೆಳೆಸುತ್ತ ಇದ್ದವರಿಗೆ ಪತ್ರದ ಮಾತು ಮರೆತುಹೋಗುತ್ತದೆ. ಶರಣರು ಕಾಯವನ್ನು ಕುರಿತು ಮತ್ತೆ ಮತ್ತೆ ನೆನಪಿಸಿದುದೂ ಈ ಸತ್ಯವನ್ನೇ. ಪ್ರತಿಯೊಂದು ಕಾಯವೂ ಅವಧಿ ನಿಗದಿಯಾದ ಗುತ್ತಿಗೆಯ ಮನೆ. ಒಡೆಯನು ಬೇರೆ, ವಾಸಿಸುವವನು ಬೇರೆ. ಸಿಂಗಾಪುರದಲ್ಲಿ 99 ವರ್ಷದ ಗುತ್ತಿಗೆಯಿದೆ, 999 ವರ್ಷದ್ದಿದೆ, ಕಾಲಮಿತಿಯಿಲ್ಲದ ಸ್ವಾಮ್ಯವೂ ಇದೆ. ವ್ಯವಹಾರದಲ್ಲಿ ಈ ಮೂರಕ್ಕೂ ಅಂತರವಿದೆ, ಕೊಳ್ಳುವವನು ಅದನ್ನು ಎಚ್ಚರದಿಂದ ನೋಡಲೇಬೇಕು. ಕಡ್ಡಾಯ ಉಳಿತಾಯ ನಿಧಿಯ ಹಣವನ್ನು ಬಳಸುವಾಗಲೂ, ಕೊಳ್ಳುವವರಲ್ಲಿ ಕಿರಿಯವರಿಗೆ 95 ವರ್ಷ ತುಂಬುವವರೆಗೆ ಗುತ್ತಿಗೆ ಉಳಿದಿರದಿದ್ದರೆ ಬಳಕೆಯ ಮಿತಿ ತಗ್ಗುತ್ತದೆ. ಆದರೆ ಪರಮಾರ್ಥದಲ್ಲಿ 999 ವರ್ಷದ ಪತ್ರವನ್ನು ಹಿಡಿದವನಿಗೂ ನೂರು ವರ್ಷದ ಆಯುಷ್ಯ ದುರ್ಲಭ. ಪತ್ರ ಉಳಿಯುತ್ತದೆ, ಪತ್ರದಲ್ಲಿ ಹೆಸರಿದ್ದವನು ಹೋಗಿರುತ್ತಾನೆ.

ಇನ್ನು ಸಾಲದ ಮಾತು. ಅಲ್ಲಿಯ ನಿಯಮದಂತೆ ಮೊದಲ ಮನೆಗೆ ಬ್ಯಾಂಕು ಬೆಲೆಯ ಶೇಕಡಾ 75ರವರೆಗೆ ಸಾಲ ಕೊಡಬಹುದು. ಎಲ್ಲ ಸಾಲಗಳ ಮಾಸಿಕ ಕಂತು ಸೇರಿ ಆದಾಯದ ಶೇಕಡಾ 55ನ್ನು ಮೀರಬಾರದು. ಇದು ಬ್ಯಾಂಕಿನ ಲೆಕ್ಕ. ಶರಣನ ಲೆಕ್ಕ ಬೇರೆ. ನೂರು ರೂಪಾಯಿ ದುಡಿದರೆ ಐವತ್ತೈದು ಗೋಡೆಗೆ ಹೋದ ಮೇಲೆ ದಾಸೋಹಕ್ಕೆ ಎಷ್ಟು ಉಳಿಯಿತು? ವೃದ್ಧ ತಂದೆತಾಯಿಗಳ ಔಷಧಕ್ಕೆ ಎಷ್ಟು ಉಳಿಯಿತು? ಕಂತಿನ ಭಯದಿಂದ ಅನ್ಯಾಯದ ಕೆಲಸಕ್ಕೆ ತಲೆಬಾಗುವ ಪ್ರಸಂಗ ಬಂದರೆ ಕಾಯಕದ ಶುದ್ಧಿ ಎಲ್ಲಿ ಉಳಿಯಿತು? ಕಾಯಕವು ದಾಸೋಹದಲ್ಲಿ ಪೂರ್ಣವಾಗಬೇಕು. ಕಂತಿನಲ್ಲಿಯೇ ಮುಗಿದುಹೋಗುವ ದುಡಿಮೆ ಕಾಯಕವಾಗದೆ ಬರಿಯ ಜೀತವಾಗುತ್ತದೆ. “ಹಾಸಿಗೆ ಇದ್ದಷ್ಟು ಕಾಲು ಚಾಚು” ಎಂಬ ಗಾದೆ ಕಡಲಾಚೆಗೂ ಸಲ್ಲುತ್ತದೆ.

ತೆರಿಗೆಯ ವಿಷಯದಲ್ಲಿಯೂ ಎಚ್ಚರ ಬೇಕು. 2023ರ ಏಪ್ರಿಲ್ 27ರಿಂದ ಸಿಂಗಾಪುರದ ಪೌರನು ಎರಡನೆಯ ಮನೆ ಕೊಂಡರೆ ಶೇಕಡಾ 20ರಷ್ಟು ಹೆಚ್ಚುವರಿ ಮುದ್ರಾಂಕ ಶುಲ್ಕವಿದೆ. ಇದನ್ನು ತಪ್ಪಿಸಲು ಕೆಲವರು ಒಂದು ಉಪಾಯ ಹೂಡಿದರು. ಮನೆಯನ್ನು ಮೊದಲು ಒಬ್ಬರ ಹೆಸರಿನಲ್ಲಿ ಕೊಂಡು, ಸ್ವಲ್ಪ ಕಾಲದಲ್ಲೇ ಅದರ ನೂರರಲ್ಲಿ ಒಂದು ಪಾಲನ್ನು ಈಗಾಗಲೇ ಮನೆಯುಳ್ಳ ಇನ್ನೊಬ್ಬರಿಗೆ ಮಾರುವುದು. ಆಗ ಸಾಲಕ್ಕೆ ಇಬ್ಬರ ಆದಾಯವೂ ದೊರೆಯುತ್ತದೆ, ಶುಲ್ಕ ಮಾತ್ರ ಒಂದು ಪಾಲಿನ ಮೇಲೆ. ಇಂತಹ ವ್ಯವಹಾರಗಳನ್ನು ತೆರಿಗೆ ಇಲಾಖೆಯು ತನಿಖೆಗೆ ಎತ್ತಿಕೊಂಡು, ತೆರಿಗೆ ತಪ್ಪಿಸುವ ಉದ್ದೇಶ ಕಂಡಲ್ಲಿ ಬಾಕಿ ಶುಲ್ಕದೊಡನೆ ಅದರ ಅರ್ಧದಷ್ಟನ್ನು ದಂಡವಾಗಿ ವಿಧಿಸುತ್ತಿದೆ.

ದಂಡದ ಭಯಕ್ಕಿಂತ ಮೇಲಾದ ಮಾತೊಂದುಂಟು. ಆಯ್ದಕ್ಕಿ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಪತ್ನಿ ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದರು. ಅದು ಕದ್ದ ಅಕ್ಕಿಯಲ್ಲ, ಯಾರೂ ಆಕ್ಷೇಪಿಸಿರಲಿಲ್ಲ. ಆದರೂ ಅಂದಿನ ಅಗತ್ಯಕ್ಕೆ ಮೀರಿದುದು ಮನೆಯೊಳಕ್ಕೆ ಬರಬಾರದೆಂದು ಆ ತಾಯಿ ನಿಂತರು. ಶುಲ್ಕ ಉಳಿಸುವ ಪತ್ರಕ್ಕೆ ಸಹಿ ಹಾಕುವ ಮುನ್ನ ಗಂಡ ಹೆಂಡಿರಿಬ್ಬರೂ ಒಮ್ಮೆ ಲಕ್ಕಮ್ಮನವರನ್ನು ನೆನೆದರೆ ವಕೀಲರ ಸಲಹೆಗಿಂತ ಸ್ಪಷ್ಟವಾದ ಉತ್ತರ ದೊರೆಯುವುದು.

ಇದಕ್ಕಿಂತಲೂ ನೋವಿನ ಸಂಗತಿ ಇನ್ನೊಂದಿದೆ. ಮಗನ ಮನೆಯ ಮುಂಗಡಕ್ಕಾಗಿ ಊರಿನಲ್ಲಿ ತಂದೆತಾಯಿಗಳು ಹೊಲ ಮಾರುವುದು. ಭಾರತದ ನಿವಾಸಿಯು ಒಂದು ಆರ್ಥಿಕ ವರ್ಷದಲ್ಲಿ 2,50,000 ಅಮೆರಿಕನ್ ಡಾಲರುಗಳವರೆಗೆ ಹೊರದೇಶಕ್ಕೆ ಕಳುಹಿಸಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ. ಅವಕಾಶವಿದೆಯೆಂದ ಮಾತ್ರಕ್ಕೆ ಕರ್ತವ್ಯವೆಂದಲ್ಲ. ಮಗನು ಪೌರತ್ವ ಬದಲಿಸಿದ್ದರೆ ಮಾರಿದ ಹೊಲವನ್ನು ಅವನು ಮತ್ತೆ ಕೊಳ್ಳಲಾರ. ತಂದೆತಾಯಿಗಳು ಅಲ್ಲಿಗೆ ಹೋಗಿ ಬಹುಕಾಲ ಇರಲಾರರು. ಹೊಲವೂ ಇಲ್ಲದೆ, ಮಗನೂ ಬಳಿಯಿಲ್ಲದೆ ಉಳಿಯುವ ಮುಪ್ಪಿನ ಬೆಲೆಯನ್ನು ಯಾವ ಬಡಾವಣೆಯ ಮನೆಯೂ ತೀರಿಸಲಾರದು. ಇಂತಹ ಹಣವನ್ನು ಕೇಳದಿರುವುದು ಮಕ್ಕಳ ಧರ್ಮ. ಪ್ರೀತಿಯಿಂದಲೇ ‘ಇಲ್ಲ’ ಎನ್ನುವುದು ಹಿರಿಯರ ಹಕ್ಕು.

“ಮಕ್ಕಳ ಭವಿಷ್ಯಕ್ಕಾಗಿ ಆಸ್ತಿ ಮಾಡಬಾರದೇ?” ಎಂದು ಕೆಲವರು ಕೇಳುವರು. ಮಾಡಬಹುದು. ಆದರೆ ಸದಾ ಕಂತಿನ ಚಿಂತೆಯಲ್ಲಿ ಮುಖ ಗಂಟಿಕ್ಕಿದ ತಂದೆಯನ್ನು ನೋಡುತ್ತ ಬೆಳೆದ ಮಗುವಿಗೆ ನಾಳೆ ದೊರೆಯುವ ನೆಲಕ್ಕಿಂತ ಇಂದು ದೊರೆಯದ ನಗೆಯೇ ದೊಡ್ಡದು. ಮಕ್ಕಳಿಗೆ ಕೊಡಬೇಕಾದ ಮೊದಲ ಆಸ್ತಿ ಸಂಸ್ಕಾರ. ಅದಕ್ಕೆ ಮುದ್ರಾಂಕ ಶುಲ್ಕವೂ ಇಲ್ಲ, ಗುತ್ತಿಗೆಯ ಅವಧಿಯೂ ಇಲ್ಲ.

ಹಾಗಾದರೆ ಕೊಳ್ಳುವವನು ಹೇಗೆ ಕೊಳ್ಳಬೇಕು? ಶುದ್ಧ ಕಾಯಕದ ಹಣದಿಂದ ಕೊಳ್ಳಲಿ. ದಾಸೋಹದ ಪಾಲನ್ನು ಮೊದಲು ತೆಗೆದಿರಿಸಿ, ಉಳಿದುದರಲ್ಲಿ ಕಂತು ಕಟ್ಟುವಂತಿದ್ದರೆ ಕೊಳ್ಳಲಿ. ಇಲ್ಲದಿದ್ದರೆ ಇರುವ ಫ್ಲ್ಯಾಟನ್ನೇ ಮಹಾಮನೆಯಾಗಿಸಲಿ. ಹನ್ನೆರಡನೆಯ ಅಂತಸ್ತಿನಲ್ಲಿಯೂ ಇಷ್ಟಲಿಂಗವು ಅಂಗೈಯಲ್ಲಿಯೇ ಇರುತ್ತದೆ, ಅದಕ್ಕೆ ಪ್ರತ್ಯೇಕ ನಿವೇಶನ ಬೇಕಿಲ್ಲ. ಕೊಂಡವನು ಆ ಬೀದಿಯಲ್ಲಿ ಐವತ್ತು ವರ್ಷಗಳಿಂದ ಬಾಳಿದ ಚೀನೀ, ಮಲಯ, ತಮಿಳು ವೃದ್ಧರಿಗೆ ಮೊದಲು ಕೈಮುಗಿಯಲಿ. ಮನೆಯನ್ನು ಕಟ್ಟಲು ಬಂದ ವಲಸೆ ಕಾರ್ಮಿಕರಿಗೆ ನೀರು, ನೆರಳು, ಒಳ್ಳೆಯ ಮಾತು ದೊರೆಯಲಿ. ಹೊಸದಾಗಿ ಕೆಲಸಕ್ಕೆ ಬಂದ ಕನ್ನಡದ ಹುಡುಗನಿಗೆ ವಾರಕ್ಕೊಮ್ಮೆಯಾದರೂ ಆ ಮನೆಯಲ್ಲಿ ಒಂದು ತುತ್ತು ರೊಟ್ಟಿ ಸಿಗಲಿ.

ಕಾನೂನಿನ ಭಾಷೆಯಲ್ಲಿ ಮನೆ, ನೆಲಗಳನ್ನು ಸ್ಥಾವರ ಆಸ್ತಿ ಎನ್ನುವರು. ಸ್ಥಾವರವಾದುದು ಅಳಿಯುತ್ತದೆ, ಜಂಗಮವಾದುದು ಉಳಿಯುತ್ತದೆ ಎಂಬುದು ಬಸವ ತತ್ತ್ವದ ತಿರುಳು. ಲೊರೊಂಗ್ 3ರ ಮನೆಗಳ ಅವಧಿ ಅರವತ್ತು ವರ್ಷಕ್ಕೆ ಮುಗಿಯಿತು. ಅಲ್ಲಿ ಯಾರಾದರೂ ನೆರೆಯವರಿಗೆ ಬಡಿಸಿದ ಒಂದು ತಟ್ಟೆ ಅನ್ನವಿದ್ದರೆ ಅದರ ಅವಧಿ ಮುಗಿದಿಲ್ಲ. ಮನೆ ಕೊಳ್ಳುವ ಭಕ್ತರು ಬೀಗದ ಕೈಯನ್ನು ಪಡೆಯುವ ದಿನ ಇದನ್ನು ನೆನೆಯಲಿ. ಬೀಗವಿರುವುದು ಕಳ್ಳರಿಗಾಗಿ, ಬಾಗಿಲಿರುವುದು ಬರುವವರಿಗಾಗಿ.