1968ರಲ್ಲಿ ಪದ್ಮಿನಿ ಇರ್ಲೇ ಇಲ್ಲ (ಹಳೇ ಗಾಡಿ ಸರಣಿ, ಭಾಗ 4)

"1968 ಮಾಡೆಲ್ ಪ್ರೀಮಿಯರ್ ಪದ್ಮಿನಿ ಮಾರಾಟಕ್ಕಿದೆ, ಫುಲ್ ಒರಿಜಿನಲ್." ಇಂಥ ಪೋಸ್ಟ್ ಈ ತಿಂಗಳಲ್ಲೇ ಮೂರು ಸಲ ನೋಡಿದೆ. ಕೆಳಗೆ ಬರೀ ಹಾರ್ಟು, ಬೆಂಕಿ. ಒಬ್ಬರಾದ್ರೂ ಕೇಳ್ಬೇಕಲ್ವಾ, 1968ರಲ್ಲಿ ಪದ್ಮಿನಿ ಎಲ್ಲಿತ್ತು ಸ್ವಾಮಿ?

ಆಗ ಅದರ ಹೆಸರು ಫಿಯೆಟ್ 1100 ಡಿಲೈಟ್. ಎಪ್ಪತ್ತರ ದಶಕದ ಶುರುವಲ್ಲಿ ಸ್ವಲ್ಪ ಕಾಲ ಪ್ರೀಮಿಯರ್ ಪ್ರೆಸಿಡೆಂಟ್ ಆಯ್ತು. ಪದ್ಮಿನಿ ಅನ್ನೋ ಹೆಸರು ಬಂದಿದ್ದು 1974ರಲ್ಲಿ. ಜನ ಎಲ್ಲಾ ಫಿಯೆಟ್‌ಗೂ ಪದ್ಮಿನಿ ಅಂತಾರೆ, ಒಪ್ತೀನಿ. ಆದರೆ ಡಿಕ್ಕಿ ಮೇಲೆ ಪದ್ಮಿನಿ ಅಂತ ಬ್ಯಾಡ್ಜ್ ಇಟ್ಕೊಂಡು "1968, ಒರಿಜಿನಲ್" ಅಂದ್ರೆ, ಇಸವಿ ಸುಳ್ಳು, ಇಲ್ಲಾಂದ್ರೆ "ಒರಿಜಿನಲ್" ಸುಳ್ಳು.

ನಾನ್ಯಾಕೆ ಇಷ್ಟು ಉರ್ಕೊಳ್ತೀನಿ ಅಂದ್ರೆ, ನಮ್ಮ ಮಾವ ಹೀಗೇ ಒಂದು ತಗೊಂಡ್ರು. ಮಾರಿದವರು ಹೇಳಿದ್ದು 1968. ಮಾವ ಅದಕ್ಕೇ ಅಂತ ದುಡ್ಡು ಜಾಸ್ತಿ ಕೊಟ್ರು. ಆರ್‌ಸಿ "ಆಮೇಲೆ ಕೊಡ್ತೀನಿ" ಅಂದಿದ್ರು. ಆಮೇಲೆ ಬಂತು. ನೋಂದಣಿ 1979.

ಈಗ ಲೆಕ್ಕ ಹಾಕಿ. 2021ರ ಕೇಂದ್ರ ನಿಯಮದ ಪ್ರಕಾರ ವಿಂಟೇಜ್ ಅನ್ನಿಸ್ಕೊಳ್ಳೋಕೆ ಗಾಡಿಗೆ 50 ವರ್ಷ ದಾಟಿರಬೇಕು. ಆ 50 ಎಣಿಸೋದು ಮೊದಲ ನೋಂದಣಿ ದಿನಾಂಕದಿಂದ, ಗ್ರಿಲ್ ನೋಡಿ ಅಲ್ಲ. 20,000 ರೂಪಾಯಿ ಶುಲ್ಕ ಕಟ್ಟಿ ವಿಎ ನಂಬರ್ ಹಾಕಿಸೋ ಆಸೆಯಲ್ಲಿದ್ದ ಮಾವ ಈಗ 2029ರವರೆಗೆ ಕಾಯ್ಬೇಕು. (ಅತ್ತೆ ಏನಂದ್ರು ಅಂತ ಇಲ್ಲಿ ಬರೆಯಲ್ಲ.)

ಈ ಕಾರಲ್ಲಿ ಮೋಸ ಸುಲಭ. 1964ರಿಂದ ಬಾಡಿ ಹೆಚ್ಚುಕಮ್ಮಿ ಒಂದೇ. ಗ್ರಿಲ್, ಬಂಪರ್, ಬ್ಯಾಡ್ಜ್ ಗುಜರಿಯಲ್ಲಿ ಸಿಗುತ್ತೆ, ಒಂದು ಕೋಟ್ ಪೇಂಟ್ ಹೊಡೆದ್ರೆ ಹತ್ತು ವರ್ಷ ಮಾಯ. ಅದಕ್ಕಿಂತ ಹಳೇದು ಅಂದ್ರೆ ಮಾತ್ರ ಕಣ್ಣಲ್ಲೇ ಹಿಡೀಬಹುದು: ಡುಕ್ಕರ್ ಫಿಯೆಟ್‌ನ ಮುಂದಿನ ಬಾಗಿಲಿನ ಕೀಲು ಹಿಂದುಗಡೆ ಇರುತ್ತೆ. ಎರಡನೇ ಫೋಟೋ ನೋಡಿ. "1960 ಫಿಯೆಟ್" ಅಂತ ಹೇಳಿ ಬಾಗಿಲು ಮಾಮೂಲಿ ಥರ ತೆರೆದ್ರೆ, ಅಲ್ಲೇ ನಮಸ್ಕಾರ ಹಾಕಿ ಬನ್ನಿ.

ಎಲ್ಲರೂ ಬೇಕಂತಲೇ ಸುಳ್ಳು ಹೇಳ್ತಾರೆ ಅಂತಲ್ಲ. "ತಾತ 1967ರಲ್ಲಿ ತಗೊಂಡಿದ್ದು" ಅಂತ ಮನೆಯವರು ನಿಜವಾಗ್ಲೂ ನಂಬಿರ್ತಾರೆ. ಆದರೆ ಆಗ ಕಾರು ಬುಕ್ ಮಾಡಿ ವರ್ಷಗಟ್ಟಲೆ ಕಾಯ್ಬೇಕಿತ್ತು. ತಾತ ದುಡ್ಡು ಕಟ್ಟಿದ ವರ್ಷ ಬೇರೆ, ಕಾರು ಮನೆಗೆ ಬಂದ ವರ್ಷ ಬೇರೆ. ಬಿಕಾಂನಲ್ಲಿ ನಾನು ಅಡ್ವಾನ್ಸ್ ಕೊಟ್ಟ ದಿನದಿಂದ ಸವಕಳಿ ಹಾಕಿದ್ರೆ ಮೇಷ್ಟ್ರು ಸೊನ್ನೆ ಕೊಡ್ತಾರೆ. ಇಲ್ಲಿ ಅದೇ ತಪ್ಪಿಗೆ ಲಕ್ಷ ಜಾಸ್ತಿ ಕೇಳ್ತಾರೆ!

ತಪ್ಪು ನಮ್ಮದೂ ಇದೆ. 1979ರ ಅಚ್ಚುಕಟ್ಟಾದ ಪದ್ಮಿನಿಯನ್ನ "1979" ಅಂತಲೇ ಹಾಕಿದ್ರೆ ಸ್ಕ್ರಾಲ್ ಮಾಡ್ಕೊಂಡು ಹೋಗ್ತೀವಿ. 1968 ಅಂದ್ರೆ ನಿಲ್ತೀವಿ. ಸುಳ್ಳಿಗೆ ರೇಟು ಕಟ್ಟಿದ್ದೇ ನಾವು.

ಹಾಗಾಗಿ ಮುಂದಿನ ಸಲ ಹಾರ್ಟ್ ಒತ್ತೋ ಮುಂಚೆ ಕಾಮೆಂಟಲ್ಲಿ ಕೇಳಿ: ಆರ್‌ಸಿಯಲ್ಲಿ ಯಾವ ಇಸವಿ ಇದೆ? ಅದರಲ್ಲಿರೋ ಚಾಸಿ ನಂಬರ್ರೇ ಗಾಡಿ ಮೇಲೂ ಇದೆಯಾ? ಉತ್ತರ ಬರದೆ ನಿಮ್ಮನ್ನೇ ಬ್ಲಾಕ್ ಮಾಡಿದ್ರೆ ಸ್ಕ್ರೀನ್‌ಶಾಟ್ ನನಗೆ ಕಳಿಸಿ. ನನ್ನನ್ನ ಈಗಾಗ್ಲೇ ಇಬ್ಬರು ಮಾಡಿದ್ದಾರೆ.

#ಹಳೇಗಾಡಿ #ಫಿಯೆಟ್ #ಆರ್‌ಸಿತೋರ್ಸಿ